ಪರದೆಯ ಹಿಂದಿನ ಅಡುಗೆಮನೆ

ಆಗಸ್ಟ್ ೫, ಸೋಮವಾರ

ಸಿಟ್ಟು ಬಂದಾಗ ಬಾಯಿ ಬಿಡಬೇಡಿ, ಬರೆಯಿರಿ ಎಂದು ಡಾಕ್ಟರ್ ಹೇಳಿದ್ದಾರೆ. ಬಿ.ಪಿ. ಇಳಿಯುತ್ತದಂತೆ. ಹೇಳುವುದಕ್ಕೇನು, ರಬಕವಿಯ ಪೇಟೆಯಲ್ಲಿ ಅವರದೊಂದು ಟಾಕೀಸು ಇಲ್ಲ. ಸಕ್ಕರೆ ಕಾರ್ಖಾನೆಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಖಾಲಿ ಬಿದ್ದಿತ್ತು, ತೆಗೆದಿದ್ದೇನೆ.

ಇವತ್ತು ಸಿಟ್ಟಿಲ್ಲ. ಶಿವಯೋಗೆಪ್ಪ ಟಾಕೀಸನ್ನು ಕೊಳ್ಳಲು ಒಪ್ಪಿದ. ಕೆಡವಿ ಅಂಗಡಿಗಳ ಸಾಲು ಕಟ್ಟಿಸುತ್ತಾನಂತೆ. ದೀಪಾವಳಿ ಪಾಡ್ಯದ ಮರುದಿನ ಕೀಲಿ ಅವನ ಕೈಗೆ. ಕೊರಳಿಗೆ ಕಟ್ಟಿದ ಕಲ್ಲು ಬಿಚ್ಚಿದ ಹಾಗಾಯಿತು.

ಅಪ್ಪ ಜಿನ್ನಪ್ಪ ನೂಲಿನ ವ್ಯಾಪಾರಿ. ಸುಮ್ಮನೆ ನೂಲು ಮಾರಿಕೊಂಡು ಇರಬಾರದಿತ್ತೇ? ನಾಟಕ ಕಂಪನಿಯವರು ತಗಡಿನ ಡೇರೆ ಹಾಕುತ್ತಿದ್ದ ಬಯಲನ್ನು ಕೊಂಡು ಪದ್ಮಾ ಟಾಕೀಸು ಕಟ್ಟಿಸಿದ. ಬೆನ್ನಿಗೇ ಮನೆ. ನಡುವೆ ಒಂದೇ ಗೋಡೆ; ಈ ಕಡೆ ಪರದೆ, ಆ ಕಡೆ ನಮ್ಮ ಅಡುಗೆಮನೆ. ಕರೆಂಟು ಹೋದರೆ ಊರಿನ ಮಗ್ಗಗಳೆಲ್ಲ ಒಮ್ಮೆಲೇ ನಿಲ್ಲುತ್ತಿದ್ದವು. ಆಗ ಅಪ್ಪ ಜನರೇಟರ್ ಹಚ್ಚಿಸುತ್ತಿದ್ದ. ಅದರ ಗಡಗಡ ಸದ್ದೇ ನಮ್ಮ ಜಾಹೀರಾತು. ನೇಕಾರರು ತಲೆಗೆ ಅಂಟಿದ ಹತ್ತಿ ಕೊಡವಿಕೊಳ್ಳುತ್ತ ಬಂದು ಸಾಲು ನಿಲ್ಲುತ್ತಿದ್ದರು. ಚಿತ್ರದ ನಡುವೆ ಕರೆಂಟು ಬಂತೋ, ಅರ್ಧ ಟಾಕೀಸು ಎದ್ದು ಮಗ್ಗಕ್ಕೆ ಓಡುತ್ತಿತ್ತು. ಹಾಗೆ ಎದ್ದು ಹೋದವರನ್ನು ಮುಂದಿನ ಸಲ ಕರೆಂಟು ಹೋದಾಗ ಟಿಕೀಟಿಲ್ಲದೆ ಒಳಗೆ ಬಿಡುವುದು ಅಪ್ಪನ ಪದ್ಧತಿ. ಯಾರು ಎಲ್ಲಿಯವರೆಗೆ ನೋಡಿದ್ದಾರೆಂದು ಮುಖ ನೋಡಿ ಹೇಳುತ್ತಿದ್ದ. ಇಂಥ ಧರ್ಮಛತ್ರ ನಡೆಸಿ, ಸಾಯುವಾಗ ನನ್ನ ತಲೆಗೆ ಕಟ್ಟಿ ಹೋದ.

ಮೊದಲು ವಿಡಿಯೋ ಬಂತು, ಆಮೇಲೆ ಡಿಶ್, ಆಮೇಲೆ ಎಲ್ಲರ ಕಿಸೆಗೂ ಮೊಬೈಲು. ಹೋದ ವರ್ಷ ಡಿಜಿಟಲ್ ಕಂಪನಿಯವರು ತಮ್ಮ ಯಂತ್ರವನ್ನೂ ಬಿಚ್ಚಿಕೊಂಡು ಹೋದರು. ಈಗ ಪಾರಿವಾಳಗಳದೇ ದಿನಕ್ಕೆ ನಾಲ್ಕು ಆಟ.

ಅವ್ವನಿಗೂ ಸಿನೆಮಾ ಅಂದರೆ ಆಗದು. ಟಿ.ವಿ.ಯಲ್ಲಿ ಚಿತ್ರ ಹತ್ತಿದರೆ ಸೆರಗು ಕೊಡವಿ ಎದ್ದು ಹೋಗುತ್ತಾಳೆ. ಮಾರಿದೆ ಎಂದರೆ ಖುಷಿಪಟ್ಟಾಳು ಎಂದುಕೊಂಡಿದ್ದೆ. “ಪಾಡ್ಯಾದ ತನಕಾ ಐತಿಲ್ಲೋ?” ಎಂದಳು, ಅಷ್ಟೇ.

ಆಗಸ್ಟ್ ೧೧, ಭಾನುವಾರ

ಕುರ್ಚಿಗಳನ್ನು ಸಾವಳಗಿಯ ಮಂಗಲ ಕಾರ್ಯಾಲಯದವರು ಟ್ರ್ಯಾಕ್ಟರಿಗೆ ಹೇರಿಕೊಂಡು ಹೋದರು. ಖಾಲಿ ಟಾಕೀಸು ಗೋದಾಮಿನ ಹಾಗೆ ಕಾಣುತ್ತದೆ. ಮೊದಲೂ ಗೋದಾಮೇ, ಕುರ್ಚಿ ಇದ್ದವು ಅಷ್ಟೇ.

ಅವ್ವನಿಗೆ ಮರೆವು ಹೆಚ್ಚಾಗಿದೆ. ಬೆಳಿಗ್ಗೆ ಸಾರಿಗೆ ಮೂರು ಸಲ ಉಪ್ಪು ಹಾಕಿದಳು. ನನ್ನ ಹೆಂಡತಿ ಮಧುಮತಿ ನೀರು ಬೆರೆಸಿ ಬಡಿಸಿದಳು. ನಾನು ಕೂಗಾಡಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮಧ್ಯಾಹ್ನ ಅವ್ವ ತಾನಾಗಿಯೇ ಅಡುಗೆಮನೆಯ ಪಕ್ಕದ ಸಣ್ಣ ಬಾಗಿಲಿನಿಂದ ಟಾಕೀಸಿನೊಳಗೆ ಬಂದಳು. ಖಾಲಿ ನೆಲದ ಮೇಲೆ ಸುತ್ತಾಡುತ್ತ, “ಇಲ್ಲೆ ಹೆಣ್ಣಮಕ್ಕಳು ಕುಂಡ್ರತಿದ್ರು. ಅಳೂ ಸೀನಿಗೆ ಮೊದಲ ಮೂಗ ಏರಸಾಕಿ ರತ್ನಾಬಾಯಿ. ಹೀರೋ ಬಂದಕೂಡ್ಲೆ ಅಲ್ಲಿಂದ ರೊಕ್ಕಾ ತೂರತಿದ್ರು. ಪರದೆಕ್ಕ ಬಡದ್ರ ನನ್ನ ರೊಟ್ಟಿ ಬಡಿಯೂ ಕೈ ನಿಲ್ಲತಿತ್ತು” ಎಂದಳು.

“ಎಂದೂ ಒಳಗ ಬಂದ ಒಂದ ಚಿತ್ರ ನೋಡಿದಾಕಿ ಅಲ್ಲ, ನಿನಗೇನ ಗೊತ್ತು?” ಎಂದೆ.

“ನೇಮ ಐತಲ್ಲೋ ತಮ್ಮಾ.”

ಯಾವ ನೇಮ? ನಾನು ಕೇಳಿಯೇ ಇಲ್ಲ. ಅವ್ವ ಗೋಡೆಗೆ ಆತು ಕುಳಿತು, ನಿನ್ನೆ ಸಂತೆಗೆ ಹೋಗಿ ಬಂದವಳ ಹಾಗೆ ಹೇಳಿದಳು.

“ಟಾಕೀಜ ಚಾಲೂ ಆಗಿ ಇನ್ನಾ ಮಳಿಗಾಲ ಕಳದಿದ್ದಿಲ್ಲ. ನಿನಗ ವಿಷಮಜ್ವರ ಬಂತು. ತೊಡಿಮ್ಯಾಲಿನ ಕೂಸು, ಕಣ್ಣ ತಗೀಲಿಲ್ಲ. ಜಮಖಂಡಿ ಡಾಕ್ಟರ ಕೈ ಚೆಲ್ಲಿದ್ರು. ತೇರದಾಳದಾಗ ಮುನಿಗಳ ಚಾತುರ್ಮಾಸ ಇತ್ತು. ದೂರ ಕುಂತ ಕೈ ಮುಗದೆ. ಭಾಳ ಪ್ರೀತಿದ್ದು ಏನರೆ ಬಿಡವಾ ಅಂದ್ರು. ಎಲ್ಲಾರೂ ತುಪ್ಪ ಬಿಡತಿದ್ರು, ಬೆಲ್ಲ ಬಿಡತಿದ್ರು. ನನಗ ತುಪ್ಪದ ಮ್ಯಾಲ ಅಂಥಾ ಆಸೆ ಎಲ್ಲಿತ್ತು? ಮಿರಜದಾಗ ಇದ್ದಾಗ ವಾರಕ್ಕ ಎರಡ ಚಿತ್ರ ನೋಡಾಕಿ ನಾನು. ಟಾಕೀಜ ಕಟ್ಟಸಾಕತ್ತಾರ ಅಂತನ ನಿಮ್ಮಪ್ಪನ್ನ ಒಪ್ಪಿದಾಕಿ. ಸಿನೆಮಾ ಬಿಟ್ಟೆ. ಜೀವ ಇರೂತನಕಾ.”

“ಮತ್ತ ದಿನಾ ಸಂಜಿಕ ಗ್ವಾಡಿಗೆ ಕಿವಿ ಹಚ್ಚಿ ಕುಂಡ್ರತಿದ್ದೆಲ್ಲ?” ಎಂದೆ.

“ಕಣ್ಣೀಲೆ ಬಿಟ್ಟೇನಿ. ಕಿವೀದ ಯಾರೂ ಕೇಳಲಿಲ್ಲ” ಎಂದು ನಕ್ಕಳು.

ಆಗಸ್ಟ್ ೧೩, ಮಂಗಳವಾರ

ಯಾರು ಕೇಳಿದ್ದರು ಇವಳನ್ನು? ಜ್ವರ ಇಳಿಯುವುದಿದ್ದರೆ ಇಳಿಯುತ್ತಿತ್ತು. ನೇಮಕ್ಕೆ ಹೆದರಿ ಓಡಿಹೋಗಲು ಜ್ವರವೇನು ಕಳ್ಳನೇ?

ಮತ್ತೆ, ಉಳಿಸಿಕೊಂಡಳಲ್ಲ, ಯಾರನ್ನು ಉಳಿಸಿಕೊಂಡಳು? ಸಾಂಗಲಿಯಲ್ಲಿ ಬಿ.ಕಾಂ. ಪೂರ್ತಿ ಮಾಡದೆ ಬಂದವನನ್ನು. ಟಿಕೀಟು ಹರಿಯುತ್ತ, ಸೋರುವ ತಗಡಿಗೆ ಡಾಂಬರು ಬಳಿಯುತ್ತ ಮುದುಕನಾದವನನ್ನು. ನನ್ನನ್ನು ಕೇಳಿದ್ದರೆ, ಅವ್ವಾ, ನೀನು ಚಿತ್ರ ನೋಡು ಎನ್ನುತ್ತಿದ್ದೆ. ಈ ಮಾಲು ಅಷ್ಟು ಬಾಳುವುದಿಲ್ಲ.

ನಿರ್ಧಾರ ಮಾಡಿದ್ದೇನೆ. ಕೀಲಿ ಕೊಡುವುದರೊಳಗೆ ಅವಳಿಗೆ ಅವಳದೇ ಟಾಕೀಸಿನಲ್ಲಿ ಒಂದು ಚಿತ್ರ ತೋರಿಸುತ್ತೇನೆ. ಒಂದೇ ಒಂದು. ಅಷ್ಟಾದರೆ ಈ ಋಣದಿಂದ ನಾನು ಬಿಡುಗಡೆ. ಆಮೇಲೆ ಶಿವಯೋಗೆಪ್ಪ ಅದರ ಮೇಲೆ ಏನು ಬೇಕಾದರೂ ಕಟ್ಟಲಿ.

ಆಗಸ್ಟ್ ೨೪, ಶನಿವಾರ

ಬಾಳುವನ್ನು ಕರೆಸಿದ್ದೆ. ನಮ್ಮಲ್ಲಿ ಮಶಿನ್ ನಡೆಸುತ್ತಿದ್ದವನು, ಈಗ ಮದುವೆಗಳ ವಿಡಿಯೋ ಮಾಡುತ್ತಾನೆ. ಮದುವೆಯಲ್ಲಿ ಗೋಡೆಗೆ ಚಿತ್ರ ಬಿಡುವ ಸಣ್ಣ ಯಂತ್ರವೊಂದು ಅವನ ಹತ್ತಿರ ಇದೆ.

“ಅಕ್ಕಮ್ಮಾಯಿ ಸಲುವಾಗಿ ಅಂದ್ರ ನಾ ಮದವಿ ಬಿಟ್ಟ ಬರ್ತೇನ್ರಿ ಸಾವ್ಕಾರ್ರ. ಯಾವ ಚಿತ್ರ ಹೇಳ್ರಿ, ಹಚ್ಚಿ ಒಗೀತೇನಿ” ಎಂದ. ಅವನ ಬಾಯಲ್ಲಿ ಅವ್ವ ಅಕ್ಕಮ್ಮಾಯಿ.

ಅವ್ವ ಒಪ್ಪಲಿಲ್ಲ. ಕಾಡಿದೆ, ಬೈದೆ, ಕೈ ಹಿಡಿದು ಬೇಡಿಕೊಂಡೆ. ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

“ಅಲ್ಲಾ ಅವ್ವಾ, ನಾ ಬದಕೀನಿ. ಮುಗೀತಲ್ಲ ಕೆಲಸ. ಈಗ ನೋಡಿದ್ರ ಏನ ಹೊಕ್ಕೈತಿ?”

“ಹುಚ್ಚ ಅದೀ ಏನು? ಕೊಟ್ಟದ್ದ ತಿರಗಿ ಇಸಗೊಂತಾರೇನೋ?”

ತಲೆ ಕೆಟ್ಟು ಗೊಬ್ಬರವಾಗಿದೆ. ಮಧುಮತಿ ಹೇಳುತ್ತಾಳೆ: “ತೇರದಾಳದಾಗ ಈ ವರ್ಷನೂ ಮಹಾರಾಜರ ಚಾತುರ್ಮಾಸ ನಡದೈತ್ರಿ. ನೇಮ ಬಿಡಸೂದಿದ್ರ ಅವರನ್ನ ಕೇಳ್ರಿ. ನಮ್ಮ ಮ್ಯಾಲ ಯಾಕ ಒದರ್ತೀರಿ?”

ನಾನು ಬಸದಿಯ ಮೆಟ್ಟಿಲು ಹತ್ತಿ ಎಷ್ಟು ಕಾಲವಾಯಿತೋ.

ಸೆಪ್ಟೆಂಬರ್ ೯, ಸೋಮವಾರ

ತೇರದಾಳಕ್ಕೆ ಹೋಗಿದ್ದೆ. ದಶಲಕ್ಷಣ ಪರ್ವ ಶುರುವಾಗಿದೆ, ಜನವೋ ಜನ. ನನ್ನ ಸರದಿ ಬರುವಷ್ಟರಲ್ಲಿ ಬೆನ್ನು ಬಿದ್ದುಹೋಯಿತು. ನಮೋಸ್ತು ಎಂದು ಕುಳಿತು ಎಲ್ಲ ಹೇಳಿದೆ. ನೇಮದ ಗಂಟು ಸಡಿಲಿಸಿರಿ ಎಂದೆ.

ಮುನಿಗಳು, “ತಾಯಿ ಬಂದು ಕೇಳಿದರೆ ಪ್ರಾಯಶ್ಚಿತ್ತ ಹೇಳಬಹುದು. ಬಿಟ್ಟವಳು ಆಕೆ. ನೀನು ಕೇಳಿದರೆ ಏನು ಹೇಳಲಿ?” ಎಂದರು. ಆಮೇಲೆ, “ನೀನು ಏನಾದರೂ ಬಿಟ್ಟಿದ್ದೀಯಾ?” ಎಂದು ಕೇಳಿದರು.

ಬಿ.ಕಾಂ. ಬಿಟ್ಟೆ ಎನ್ನಬೇಕೆನಿಸಿತು. ನಾಲಿಗೆ ಕಚ್ಚಿಕೊಂಡು ಎದ್ದು ಬಂದೆ. ದಾರಿಯುದ್ದಕ್ಕೂ ಮೈ ಉರಿಯುತ್ತಿತ್ತು. ನಾನೇನು ಬಿಡಬೇಕು? ನನಗೆ ಪ್ರೀತಿಯದು ಎಂಬುದೇ ಇಲ್ಲ.

ಸೆಪ್ಟೆಂಬರ್ ೧೮, ಬುಧವಾರ

ತೇರದಾಳಕ್ಕೆ ಬಾ ಎಂದರೆ ಅವ್ವ ಬರುವುದಿಲ್ಲ. ಬಂದರೂ ಕೇಳುವುದಿಲ್ಲ.

ನಿನ್ನೆ ಇನ್ನೊಂದು ಶುರುವಾಗಿದೆ. ನಮ್ಮ ಮನೆಯಲ್ಲಿ ನನ್ನೊಬ್ಬನನ್ನು ಬಿಟ್ಟು ಎಲ್ಲರದೂ ಹೊತ್ತು ಮುಳುಗುವುದರೊಳಗೆ ಊಟ. ಹಿಂದೆ ಸಂಜೆ ಆಟ ಶುರುವಾಗುವ ಹೊತ್ತಿಗೆ ಅವ್ವನ ಊಟ, ಪಾತ್ರೆ ಎಲ್ಲ ಮುಗಿದು, ಗೋಡೆಗೆ ಆತು ಕೂಡಲು ಬಿಡುವಾಗುತ್ತಿತ್ತು. ನಿನ್ನೆಯೂ ಹಾಗೇ ಕುಳಿತಳು. ಸ್ವಲ್ಪ ಹೊತ್ತಿಗೆ, “ಇವತ್ತ ಯಾಕೋ ತಮ್ಮಾ, ಆಟ ಇನ್ನಾ ಚಾಲೂ ಮಾಡಿಲ್ಲ? ಮಂದಿ ಒದರ್ತಾರ” ಎಂದಳು.

ಟಾಕೀಸು ಬಂದ್ ಆಗಿದೆ, ಮಾರಿದ್ದೇವೆ ಎಂದೆ. ಹೊಸದಾಗಿ ಕೇಳಿದವಳಂತೆ ಅತ್ತಳು. ಇವತ್ತು ಮತ್ತೆ ಕೇಳಿದಳು, ಮತ್ತೆ ಹೇಳಿದೆ, ಮತ್ತೆ ಅತ್ತಳು. ಸತ್ಯ ಹೇಳುವ ಚಟಕ್ಕೆ ಬೆಂಕಿ ಹಾಕಬೇಕು.

ಸೆಪ್ಟೆಂಬರ್ ೨೦, ಶುಕ್ರವಾರ

ಬಾಳು ಮದುವೆಯ ದೊಡ್ಡ ಸೌಂಡ್ ಬಾಕ್ಸನ್ನು ಪರದೆಯ ಬುಡದಲ್ಲಿ ಇಟ್ಟು ಹೋಗಿದ್ದಾನೆ. ಲ್ಯಾಪ್‌ಟಾಪಿನಲ್ಲಿ ಹಳೆಯ ಚಿತ್ರ ಹಚ್ಚಿ, ಸದ್ದು ಗೋಡೆಯ ಆಚೆ ಹೋಗುವಂತೆ ಮಾಡುವುದನ್ನು ಕಲಿಸಿಕೊಟ್ಟ. ಸಂಜೆ ಹಚ್ಚಿದೆ. ಚಿತ್ರ ಮುಗಿದ ಮೇಲೆ ಅಡುಗೆಮನೆಗೆ ಹೋದರೆ ಅವ್ವ ಕಣ್ಣೊರೆಸಿಕೊಳ್ಳುತ್ತ ಕುಳಿತಿದ್ದಳು. “ಛಲೋ ಚಿತ್ರ ತಂದೀರಿ. ಹೆಣ್ಣಮಕ್ಕಳ ಆಟ ಹೌಸಫುಲ್ ಆಗತೈತಿ ನೋಡು” ಎಂದಳು.

ನಾನೂ ಈಗ ಹೊತ್ತು ಮುಳುಗುವ ಮುಂಚೆಯೇ ಉಣ್ಣುತ್ತೇನೆ. ಆಟಕ್ಕೆ ತಡವಾಗಬಾರದಲ್ಲ.

ಅಕ್ಟೋಬರ್ ೪, ಶುಕ್ರವಾರ

“ನೀವು ಯಾರ ಪೈಕಿರಿ ಅಣ್ಣಾರ?”

ಅವ್ವ ನನ್ನನ್ನು ಕೇಳಿದ್ದು. ಊಟಕ್ಕೆ ಬಡಿಸುತ್ತಿದ್ದ ಮಧುಮತಿಯ ಕೈ ಅಲ್ಲೇ ನಿಂತಿತು.

ಇದಕ್ಕಿಂತ ಹೆಚ್ಚು ಬರೆಯಲಾರೆ.

ಅಕ್ಟೋಬರ್ ೬, ಭಾನುವಾರ

ಬೆಳಿಗ್ಗೆ ನೆನಪು ಬಂದಿತ್ತು. “ಲೇ ತಮ್ಮಾ, ಬಡಕಲ ಆಗೀಯಲ್ಲೋ, ಗಡ್ಡಾ ಬೋಳಸಕೋ” ಎಂದು ಬೈದಳು. ಎಷ್ಟು ಹಿತವಾಗಿತ್ತು ಆ ಬೈಗುಳ! ಮಧ್ಯಾಹ್ನಕ್ಕೆ ಮತ್ತೆ ಅಣ್ಣಾರ, ಬರ್ರಿ, ಕುಂಡ್ರಿ. ಅವಳ ಬಾಯಿಂದ ‘ರಿ’ ಕೇಳುವಷ್ಟು ದೊಡ್ಡವನು ನಾನೆಂದೂ ಆಗಬಾರದಿತ್ತು.

ಬಾಗಲಕೋಟೆಯ ಡಾಕ್ಟರು ತಲೆಯ ಫೋಟೋ ತೆಗೆದು ನೋಡಿದ್ದಾರೆ. ಇದು ಇಳಿಯುವ ಹಾದಿ, ಏರುವುದಿಲ್ಲ ಎಂದರು. ಬರುವಾಗ ಅನಗವಾಡಿಯ ಸೇತುವೆಯ ಮೇಲೆ ಅವ್ವ ಹೊಳೆ ನೋಡಿ, “ಎಷ್ಟ ದೊಡ್ಡ ಪರದೆ!” ಎಂದಳು. ಕಾರು ನಿಲ್ಲಿಸಿ ಸ್ವಲ್ಪ ಹೊತ್ತು ತೋರಿಸಿದೆ.

ಅಕ್ಟೋಬರ್ ೧೪, ಸೋಮವಾರ

ಶಿವಯೋಗೆಪ್ಪ ಬಂದಿದ್ದ. ಮೇಲಿನ ತಗಡನ್ನು ಈಗಲೇ ಬಿಚ್ಚಿಸುತ್ತೇನೆ, ಕೆಲಸದವರು ಸಿಕ್ಕಿದ್ದಾರೆ ಎಂದ. ಪಾಡ್ಯದವರೆಗೆ ನಮ್ಮ ಟಾಕೀಸನ್ನು ಮುಟ್ಟಬೇಡ ಎಂದೆ. ಕೂಗಲಿಲ್ಲ, ಕೈ ಹಿಡಿದುಕೊಂಡೆ. ಅವನಿಗೇ ನಾಚಿಕೆಯಾಯಿತು.

“ಬಿಡ್ರಿ, ನಿಮ್ಮ ಮಾತ ಮೀರಿದ್ರ ಹ್ಯಾಂಗ? ನಮ್ಮಪ್ಪನೂ ಇಲ್ಲೇ ಬರತಿದ್ನಂತರಿ” ಎಂದ.

“ಯಾವ ಚಿತ್ರ ನೆನಸ್ತಿದ್ರು ನಿಮ್ಮಪ್ಪಾರು?”

“ಚಿತ್ರ ಎಲ್ಲೀದ್ರಿ? ಕರೆಂಟ ಹೋದಾಗ ನಿಮ್ಮ ಫ್ಯಾನಿನ ಗಾಳಿಗೆ ಮಲಗಾಕ ಬರತಿದ್ನಂತ. ಅಂಥಾ ನಿದ್ದಿ ಮತ್ತೆಲ್ಲೂ ಬರಲಿಲ್ಲ ಅಂತಿದ್ದ.”

ಈ ಟಾಕೀಸಿನ ಚರಿತ್ರೆ ಬರೆಯುವುದಾದರೆ ಇಷ್ಟೇ. ನೇಕಾರರು ಮಲಗಿದರು, ಪಾರಿವಾಳಗಳು ಕುಳಿತವು, ನಾನು ಕಸ ಗುಡಿಸಿದೆ. ನಿಜವಾಗಿ ಚಿತ್ರ ಬೇಕಾಗಿದ್ದವಳು ಒಬ್ಬಳೇ, ಅವಳು ಗೋಡೆಯ ಆಚೆ.

ಅಕ್ಟೋಬರ್ ೨೭, ಭಾನುವಾರ

ಊಟ ಕಡಿಮೆಯಾಗಿದೆ. ನನ್ನನ್ನು ಒಮ್ಮೆ ಡಾಕ್ಟರ್ ಅನ್ನುತ್ತಾಳೆ, ಒಮ್ಮೆ ಮಿರಜಿನ ಅಣ್ಣ ಅನ್ನುತ್ತಾಳೆ. ಸಂಜೆ ಆಟ ತಪ್ಪಿಸಿಲ್ಲ. ಅವಳು ಗೋಡೆಯ ಹತ್ತಿರ ಕುಳಿತಾಗ ಮಾತ್ರ ಮುಖ ಸಮಾಧಾನದಿಂದಿರುತ್ತದೆ. ಚಿತ್ರ ತೋರಿಸಬೇಕೆಂದು ಎಷ್ಟು ಹಾರಾಡಿದೆ! ಈಗ ತೋರಿಸಲು ಯಾರಿದ್ದಾರೆ?

ಮಧುಮತಿ ಒಂದು ಮಾತು ಹೇಳಿದಳು. “ಅತ್ತಿಯವರಿಗೆ ನೇಮದ್ದೂ ಮರತೈತಿ ಅನಸತೈತ್ರಿ. ಈಗ ಕರಕೊಂಡ ಹೋದ್ರ ಬಂದಾರು.” ನಾನು ಉತ್ತರ ಕೊಡಲಿಲ್ಲ. ಕೊಡಬೇಕಾಗಿತ್ತು.

ನವೆಂಬರ್ ೨, ಶನಿವಾರ, ಪಾಡ್ಯ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಕೊನೆಯ ದಿನ ಎಂದು ಬಾಳು ತಾನಾಗಿ ಬಂದಿದ್ದ. “ಬರೇ ಆವಾಜ ಯಾಕ್ರಿ ಸಾವ್ಕಾರ್ರ, ಒಂದ ಸಲ ಪರದೆ ತುಂಬ ಬಿಡೂಣು. ನಾವಿಬ್ಬರರೆ ನೋಡೂಣು” ಎಂದು ಯಂತ್ರ ಜೋಡಿಸಿದ. ಪರದೆ ಒಂದು ಮೂಲೆಯಲ್ಲಿ ಹರಿದಿದೆ, ಆದರೂ ಬೆಳಕು ಬಿದ್ದಾಗ ಎದೆ ಝಲ್ಲೆಂದಿತು. ಚಿತ್ರ ಇನ್ನೂ ಶುರುವಾಗಿರಲಿಲ್ಲ.

ಆಗ ಸಣ್ಣ ಬಾಗಿಲು ಸರಿಯಿತು. ಅವ್ವ. ಹಬ್ಬದ ಇಳಕಲ್ ಸೀರೆ, ತಲೆ ತುಂಬ ಸೆರಗು, ಅಪ್ಪ ಹೋದ ಮೇಲೆ ಮುಡಿಯದ ಹೂವು. ಹಿಂದೆ ಮಧುಮತಿ. ಅವ್ವ ನೆಟ್ಟಗೆ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, “ಅಣ್ಣಾರ, ಒಂದ ಟಿಕೀಟ ಕೊಡ್ರಿ. ಲಗೂ ಕೊಡ್ರಿ, ಮನ್ಯಾಗ ಹೇಳಿಲ್ಲ ನಾನು” ಎಂದಳು.

ಅವಳ ಕಣ್ಣಲ್ಲಿದ್ದ ಆಸೆಯನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮಿರಜಿನ ಆ ಹುಡುಗಿ ಇವಳೇ ಇರಬೇಕು. ಬಾಳು ಹಿಂದಿನಿಂದ, “ಹಚ್ಚಲೇನ್ರಿ?” ಎಂದ. ಮಧುಮತಿ, ಹೂಂ ಅನ್ನಿರಿ ಎಂದು ಕಣ್ಣಲ್ಲೇ ಬೇಡುತ್ತಿದ್ದಳು. ಆಗಸ್ಟಿನಿಂದ ನಾನು ಬೇಡಿದ್ದು ಇದನ್ನೇ. ಬೆಳಕಿತ್ತು, ಪರದೆ ಇತ್ತು, ಅವ್ವ ತಾನಾಗಿ ಬಂದು ನಿಂತಿದ್ದಳು. ಒಂದು ಹೂಂ ಅಂದಿದ್ದರೆ ಆಗುತ್ತಿತ್ತು.

ಅನ್ನಲಾಗಲಿಲ್ಲ. ನಾಳೆ ಬೆಳಿಗ್ಗೆ ಒಂದು ಗಳಿಗೆ ನೆನಪು ಮರಳಿದರೆ? ಇಷ್ಟು ವರ್ಷ ಹಿಡಿದುಕೊಂಡು ಬಂದದ್ದನ್ನು ಮಗನೇ ಕೈಯಿಂದ ಬೀಳಿಸಿದ ಎಂದು ತಿಳಿದರೆ? ಇದೆಲ್ಲ ಈಗ ಬರೆಯುವಾಗ ಹೊಳೆಯುತ್ತಿದೆ. ಆಗ ಸುಮ್ಮನೆ ಹೋಗಿ ಪರದೆಗೆ ಅಡ್ಡ ನಿಂತೆ. ಬೆಳಕೆಲ್ಲ ನನ್ನ ಮುಖಕ್ಕೆ ಹೊಡೆಯುತ್ತಿತ್ತು.

“ಅವ್ವಾರ, ನೀವು ಚಿತ್ರ ನೋಡಂಗಿಲ್ಲ. ನೇಮ ಹಿಡದೀರಿ.”

“ನಾನಽ? ಯಾವಾಗ್ರಿ?” ಸಿಡುಕಿದಳು. ಎಳೆಯರ ಹಾಗೆ ತುಟಿ ಅದುರಿತು. “ಸುಳ್ಳ ಹೇಳಬ್ಯಾಡ್ರಿ. ಟಿಕೀಟ ಮುಗದಾವೇನು?”

“ನಿಮ್ಮ ಹುಡುಗಗ ಜ್ವರ ಬಂದಾಗ ಹಿಡದ್ರಿ. ತೇರದಾಳದಾಗ.”

ಮುಖದ ಮೇಲಿನ ಆಸೆ ಒಂದೇ ಏಟಿಗೆ ಹೋಯಿತು. ಅವಳಿಗೆ ಪರದೆ, ಬೆಳಕು ಯಾವುದೂ ಬೇಡವಾಯಿತು. ನನ್ನ ತೋಳು ಗಟ್ಟಿಯಾಗಿ ಹಿಡಿದಳು.

“ಹುಡುಗ ಉಳೀತೇನ್ರಿ?”

“ಉಳೀತ್ರಿ.”

“ಖರೆ ಹೇಳ್ರಿ ಅಣ್ಣಾರ. ನನ್ನ ಸಮಾಧಾನಕ್ಕ ಹೇಳಬ್ಯಾಡ್ರಿ.”

“ಖರೇನ್ರಿ. ದೊಡ್ಡಾಂವ ಆಗ್ಯಾನ.”

“ಏನ ಮಾಡ್ತಾನ?”

ಏನು ಹೇಳಲಿ? ಹೇಳಿಕೊಳ್ಳುವಂಥದ್ದು ಒಂದನ್ನಾದರೂ ನಾನು ಮಾಡಿದ್ದರೆ ಆಗ ನೆನಪಾಗುತ್ತಿತ್ತು. “ಇದ ಟಾಕೀಜ ನೋಡ್ಕೊಂತಾನ್ರಿ” ಎಂದೆ.

ಅವ್ವನ ಮುಖ ಅರಳಿತು. “ಅಂದ್ರ ದಿನಾ ಚಿತ್ರ ನೋಡ್ತಾನ!” ಎಂದು ಎರಡೂ ಕೈ ಕೆನ್ನೆಗೆ ಹಚ್ಚಿಕೊಂಡಳು. “ನೋಡ್ರಿ ಅಣ್ಣಾರ, ಎಂಥಾ ಪುಣ್ಯವಂತ ನನ್ನ ಮಗ. ಆತು ಬಿಡ್ರಿ. ನನಗ ಬ್ಯಾಡ ಟಿಕೀಟ.”

ಸೆರಗು ಸರಿಮಾಡಿಕೊಂಡು ಮಧುಮತಿಯ ಕೈ ಹಿಡಿದು ಒಳಗೆ ಹೋದಳು. ಹಿಂತಿರುಗಿ ನೋಡಲಿಲ್ಲ.

ಹಚ್ಚು ಎಂದೆ ಬಾಳುವಿಗೆ. ಅವನು ಹಚ್ಚಿದ. ನಾನು ಬರಿ ನೆಲದ ಮೇಲೆ, ಒಂದು ಕಾಲಕ್ಕೆ ಎಲ್ಲರೂ ಕಾಡಿ ಬೇಡಿ ಹಿಡಿಯುತ್ತಿದ್ದ ನಡುವಿನ ಜಾಗದಲ್ಲಿ ಕುಳಿತು ಪರದೆಯ ಕಡೆ ಮುಖ ಮಾಡಿದೆ. ಮುಗಿಯುವವರೆಗೂ ಏಳಲಿಲ್ಲ. ಏನು ನೋಡಿದೆನೋ ಒಂದೂ ನೆನಪಿಲ್ಲ. ಅತ್ತಿದ್ದೇನೆ ಎಂದು ಬಾಳು ಕರವಸ್ತ್ರ ಕೊಟ್ಟಾಗ ತಿಳಿಯಿತು.

ಶಿವಯೋಗೆಪ್ಪ ನಾಳೆ ಬೆಳಿಗ್ಗೆ ಬರುತ್ತಾನೆ.